ಗೋಡೆ ತುಂಬ ಹಲಗೆ

ಮನೆತನದ ಗಂಟನ್ನು ಇಬ್ಬರು ಸೊಸೆಯರಲ್ಲಿ ಯಾರಿಗೆ ಒಪ್ಪಿಸುವುದೆಂದು ನೋಡಲು ಅತ್ತೆ ಬರುವವರಿದ್ದರು. ಕಿರಿಯ ಸೊಸೆ ಕುಮುದಾ ಹಣ್ಣಿನ ಮರದ ಪೆಟ್ಟಿಗೆಗಳನ್ನು ಬಿಚ್ಚಿ, ಅಡುಗೆಮನೆಯ ಗೋಡೆಗೆಲ್ಲ ಅವುಗಳ ಹಲಗೆ ಹೊಡೆದು, ಕೂಡಿಟ್ಟ ಡಬ್ಬಗಳನ್ನು ಸಾಲಾಗಿ ಜೋಡಿಸಿದಳು.

ಅತ್ತೆ ಬಂದವರೇ ಗಂಟನ್ನು ಕೆಳಗಿಟ್ಟು ಐಸ್‌ಕ್ರೀಮ್ ಡಬ್ಬವೊಂದನ್ನು ತೆರೆದರು. ಒಳಗೆ ಸಣ್ಣ ಡಬ್ಬವಿತ್ತು. ಅದರೊಳಗೆ ಇನ್ನೂ ಸಣ್ಣದು.

“ಬೇಳೆ ಎಲ್ಲಿದೆಯಮ್ಮಾ?”

“ಮಂಚದ ಕೆಳಗೆ, ಅತ್ತೆ.”

“ಅಕ್ಕಿ?”

“ಟಿವಿ ಹಿಂದೆ, ಚೀಲದಲ್ಲೇ ಇದೆ.”

“ಡಬ್ಬಕ್ಕೆ ಹಾಕಬಾರದಿತ್ತಾ?”

“ಹಾಕಿದರೆ ಡಬ್ಬ ಹಾಳಾಗುತ್ತಲ್ಲ ಅತ್ತೆ, ಮುಂದೆ ಬೇಕಾಗುತ್ತೆ.”

ಅತ್ತೆ ಡಬ್ಬಗಳನ್ನು ಮತ್ತೆ ಒಂದರೊಳಗೊಂದು ಇಟ್ಟು ಮುಚ್ಚಿದರು.

“ದೊಡ್ಡವಳು ಎಲ್ಲದರಲ್ಲೂ ಬೇಳೆ ತುಂಬಿ ಹಾಳು ಮಾಡಿದಳು ಕಣೇ,” ಎಂದು ಕಣ್ಣೊರೆಸಿಕೊಂಡ ಅತ್ತೆ, ಗಂಟು ಬಿಚ್ಚಿ ಮೂರು ತಲೆಮಾರಿನ ಖಾಲಿ ಡಬ್ಬಗಳನ್ನು ಅವಳ ಮಡಿಲಿಗೆ ಹಾಕಿದರು.