ಜಪಾನಿ ಕೋಳಿ

ಒಮ್ಮೆ ಕರಿದ ಕೋಳಿತುಂಡುಗಳನ್ನು ತುಳಜಾ ತಟ್ಟೆಗೆ ತೆಗೆದಿದ್ದಳು. ಗಂಡ ಹರೀಶನ ಮೊಬೈಲಿನಲ್ಲಿ ಅವನ ಆಫೀಸಿನ ಸುಮಿತಾಳ ವಾಯ್ಸ್ ಮೆಸೇಜ್ ಓಡುತ್ತಿತ್ತು. ಅವನ ಹುಟ್ಟುಹಬ್ಬಕ್ಕೆ ಜಪಾನಿ ಕೋಳಿ ಮಾಡುವ ಆಸೆಯಿಂದ ತುಳಜಾಳೇ ಅದನ್ನು ಮಾಡುವ ವಿಧಾನವನ್ನು ಅವನ ಮೂಲಕ ಸುಮಿತಾಳಿಗೆ ಕೇಳಿ ತರಿಸಿದ್ದಳು.

"ಎಣ್ಣಿ ಛಲೋ ಕಾದ ಮ್ಯಾಲ ಇನ್ನೊಮ್ಮೆ ಕರೀಲಿ, ಗರಿಗರಿ ಆಗತೈತಿ," ಎಂದಳು ಸುಮಿತಾ. ಆಮೇಲೆ ದನಿ ತಗ್ಗಿತು. "ಹೋದ ರವಿವಾರ ನಮ್ಮನ್ಯಾಗ ನಿನಗ ತಿನಸಿದ್ನಲ್ಲಾ, ಹಂಗ. ಈ ಮಾತ ಆಕಿಗೆ ಕೇಳಸಬ್ಯಾಡ ಮತ್ತ."

ತುಳಜಾ ಸೌಟು ಕೆಳಗಿಟ್ಟಳು. ಹೋದ ರವಿವಾರ ಅವನು ಜೊಯಿಡಾದಲ್ಲಿ ಕೆಲಸವಿದೆ ಎಂದು ಹೋಗಿದ್ದ. ಹರೀಶ ಮೊಬೈಲ್ ಬಂದ್ ಮಾಡಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ.

"ಕೇಳಿದಿ ಅಲ್ಲ? ನನಗ ಹೇಳೂ ಕೆಲಸ ತಪ್ಪಿತು. ಆಕಿನೂ ಊಟಕ್ಕ ಬರಾಕತ್ಯಾಳ. ಎಣ್ಣಿ ಕಾದೈತಿ, ಲಗೂ ಕರಿ," ಎಂದ.