ಅಚ್ಚಾಗದ ಲೇಯರ್

ಪರದೆಯ ಮೇಲೆ ಕಂಬಿಗಳಿದ್ದವು. ಕಾಗದದಲ್ಲಿ ಇರಲಿಲ್ಲ.

ತನಿಖಾಧಿಕಾರಿ ಮೂರನೆಯ ಸಲ ಹೋಲಿಸಿ ನೋಡಿದರು. ಕೈಯಲ್ಲಿ ಕಟ್ಟಡದ ಜಾಗದಿಂದ ತಂದ ನಕ್ಷೆ, ಮಡಿಕೆಗಳಲ್ಲಿ ಸಿಮೆಂಟಿನ ಧೂಳು. ಎದುರಿಗೆ ಕಂಪ್ಯೂಟರ್. ಆಸ್ಪತ್ರೆಯ ಬಾಗಿಲ ಮೇಲೆ, ಕಂಬವಿಲ್ಲದೆ ಮುಂದಕ್ಕೆ ಚಾಚಿದ ಚಾವಣಿ ಅದು. ಭಾರ ಹೊರಬೇಕಾದದ್ದು ಅದರ ಮೇಲ್ಭಾಗದ ಹನ್ನೆರಡು ಕಬ್ಬಿಣದ ಕಂಬಿ. ಕೆಲಸದವರು ಕಾಗದ ನೋಡಿ ಕಟ್ಟಿದರು. ಆಸರೆ ತೆಗೆದ ಅರ್ಧ ಗಂಟೆಯಲ್ಲಿ ಚಾವಣಿ ನೆಲದಲ್ಲಿತ್ತು. ಸತ್ತವರು ಮೂವರು. ಇಬ್ಬರು ಕೂಲಿಗಳು. ಮೂರನೆಯವನು ಈ ನಕ್ಷೆಯನ್ನು ಅಚ್ಚು ಹಾಕಿ ಕಳಿಸಿದವನೇ. ತನ್ನ ಕೆಲಸ ಎದ್ದು ನಿಂತದ್ದನ್ನು ಕಣ್ಣಾರೆ ನೋಡಲು ಹೋಗಿದ್ದ.

"ಇಲ್ಲಿ ಕಾಣೋದು ಅಲ್ಲಿ ಹೇಗಮ್ಮ ಮಾಯ ಆಯ್ತು?"

ಮೌಸ್ ಹಿಡಿದು ಕೂತವಳನ್ನು ಕಚೇರಿಯಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಹದಿನೆಂಟು ವರ್ಷದಿಂದ ನಕ್ಷೆ ಬಿಡಿಸುತ್ತಿದ್ದಳು. ಸತ್ತವನಿಗೆ ಕೆಲಸ ಕಲಿಸಿದವಳೂ ಅವಳೇ.

"ನಕ್ಷೆ ಅಂದ್ರೆ ಒಂದೇ ಹಾಳೆ ಅಲ್ಲ ಸರ್. ಗಾಜಿನ ಹಾಳೆಗಳನ್ನ ಒಂದರ ಮೇಲೊಂದು ಇಟ್ಟ ಹಾಗೆ. ಲೇಯರ್ ಅಂತೀವಿ. ಗೋಡೆಗೊಂದು, ಕಂಬಕ್ಕೊಂದು, ಕಂಬಿಗೊಂದು. ಒಂದೊಂದಕ್ಕೂ ಒಂದೊಂದು ಬಣ್ಣ." ಪಟ್ಟಿಯ ಕೊನೆಯ ಸಾಲಿಗೆ ಬಾಣ ತಂದಳು. "ಇದೊಂದು ಮಾತ್ರ ಪರದೆ ಮೇಲೆ ಕಾಣುತ್ತೆ, ಅಚ್ಚಾಗಲ್ಲ. ಅಳತೆ ಖಚಿತ ಆಗೋವರೆಗೆ ಗೆರೆಗಳನ್ನ ಇದರಲ್ಲಿ ಇಟ್ಟಿರ್ತೀವಿ. ಆಮೇಲೆ ಅವುಗಳ ಜಾಗಕ್ಕೆ ಕಳಿಸ್ತೀವಿ."

"ಕಳಿಸೋದು ಮರೆತರೆ?"

"ಮರೆತರೆ ಹೀಗೆ."

ಎಂಜಿನಿಯರ್ ಪರಿಶೀಲಿಸಿದ್ದು ಪರದೆಯಲ್ಲಿ. ಕಂಬಿಗಳಿದ್ದವು, ಒಪ್ಪಿಗೆ ಕೊಟ್ಟಿದ್ದ.

"ಮರೆತದ್ದು ಯಾರು?"

ಪಕ್ಕದ ಮೇಜಿನತ್ತ ಅಕ್ಕ ನೋಡಿದಳು. ಅದು ಖಾಲಿ. ಉದ್ದಕ್ಕೆ ಸಣಕಲಾಗಿದ್ದುದರಿಂದ ಸತ್ತ ಆ ಹುಡುಗನಿಗೆ ಸ್ಕೇಲು ಎಂದೇ ಹೆಸರು. ಅವನ ಮಗ್ಗು, ಚಾರ್ಜರು, ಕಡತಗಳ ಬೆನ್ನು, ಎಲ್ಲಕ್ಕೂ ಹಸಿರು ಟೇಪು. ಕುರ್ಚಿಯ ಕಾಲಿಗೂ.

"ಕುರ್ಚಿನೂ ಬಿಟ್ಟಿಲ್ಲವಲ್ಲ?" ಎಂದರು ಅಧಿಕಾರಿ.

"ಯಾರಾದ್ರೂ ಎಳ್ಕೊಂಡು ಹೋಗ್ತಾರೆ ಅಂತ ಭಯ ಸರ್ ಅವನಿಗೆ." ಅವಳು ಪರದೆಗೆ ತಿರುಗಿದಳು. "ಕೊನೆಗೆ ಸೇವ್ ಮಾಡಿದ್ದು, ಅಚ್ಚು ಹಾಕಿದ್ದು ಅವನ ಹೆಸರಲ್ಲಿದೆ. ಆದ್ರೆ ಒಂದು ಫೈಲಲ್ಲಿ ನಾಲ್ಕು ಕೈ ಆಡಿರುತ್ತೆ. ಅವನೇ ಅಂತ ಬರೀಬೇಡಿ ಸರ್."

"ಹಾಗಾದ್ರೆ ಬೇರೆ ಹೆಸರು ಕೊಡಿ, ಬರೀತೀನಿ."

ಅವಳು ಬಾಣವನ್ನು ಆ ಸಾಲಿನಿಂದ ಸರಿಸಿದಳು.

ಅಧಿಕಾರಿ ಕನ್ನಡಕ ಹಣೆಗೇರಿಸಿ ಪರದೆಗೆ ಮುಖ ತಂದರು. ಕಪ್ಪು ಹಿನ್ನೆಲೆಯ ಮೇಲೆ ಕೂದಲೆಳೆಯಂಥ ನೇರಳೆ ಗೆರೆಗಳು. ಹತ್ತರವರೆಗೆ ಎಣಿಸಿ ಲೆಕ್ಕ ತಪ್ಪಿದರು.

"ಕಾಗೆ ಮೈಮೇಲೆ ಮಸಿಯಲ್ಲಿ ಬರೆದ ಹಾಗಿದೆ. ಕಣ್ಣಿಗೇ ಕಾಣಲ್ಲ."

"ಬಣ್ಣ ಬದಲಾಯಿಸ್ಲಾ ಸರ್?"

"ಬದಲಾಯಿಸಿ, ಪುಣ್ಯ ಬರುತ್ತೆ ನಿಮಗೆ."

ಅವಳು ಗೆರೆಗಳನ್ನೆಲ್ಲ ಒಟ್ಟಿಗೆ ಹಿಡಿದಳು. ಎರಡು ಕ್ಲಿಕ್. ಹನ್ನೆರಡೂ ಬಿಳಿಯಾಗಿ ಎದ್ದು ಕಂಡವು. ಅಧಿಕಾರಿ ಎಣಿಸಿ, ಪುಸ್ತಕದಲ್ಲಿ ಸಂಖ್ಯೆ ಬರೆದರು. ಲೇಯರಿನ ಹೆಸರು, ತಾರೀಖು, ಸ್ಕೇಲಿನ ಹೆಸರು ಆಗಲೇ ಬರೆದಾಗಿತ್ತು.

"ಇದರ ಹಳೆ ಪ್ರತಿ ಏನಾದ್ರೂ ಇರುತ್ತಾ?"

"ಇರುತ್ತೆ ಸರ್. ಸೇವ್ ಮಾಡಿದಾಗಲೆಲ್ಲ ಅದಕ್ಕೂ ಹಿಂದಿನ ಸಲದ್ದು ಉಳಿಯುತ್ತೆ. ಅದೊಂದೇ."

"ಎರಡನ್ನೂ ಕೊಡಿ."

ಅಕ್ಕ ಸೇವ್ ಒತ್ತಿದಳು. ಮತ್ತೊಮ್ಮೆ ಒತ್ತಿದಳು.

"ಎರಡೆರಡು ಸಲ?"

"ಅಭ್ಯಾಸ ಸರ್. ಒಮ್ಮೆ ಕರೆಂಟ್ ಹೋಗಿ ಮೂರು ದಿನದ ಕೆಲಸ ಕಳ್ಕೊಂಡಿದ್ದೆ."

ಎರಡು ಪ್ರತಿಗಳೂ ಪೆನ್‌ಡ್ರೈವಿಗೆ ಇಳಿದವು. ಯಂತ್ರಕ್ಕೆ ಮೊಹರು ಬಿತ್ತು.

ಬಾಗಿಲ ಬಳಿಯ ಬೆಂಚಿನ ಮೇಲೆ ಸ್ಕೇಲಿನ ತಾಯಿ ಬೆಳಗಿನಿಂದ ಕೂತಿದ್ದರು. ಅಧಿಕಾರಿ ಹೊರಟಾಗ ಎದ್ದು ದಾರಿಗೆ ಅಡ್ಡ ನಿಂತರು.

"ನನ್ನ ಮಗನ ಹೆಸರು ಬರೆದ್ರಾ ಸ್ವಾಮಿ?"

"ಅದರಲ್ಲಿ ಇದ್ದದ್ದನ್ನ ಬರೆದೆ ತಾಯಿ," ಎಂದು ಅಧಿಕಾರಿ ಮೆಟ್ಟಿಲಿಳಿದರು.

ಅಕ್ಕ ರಟ್ಟಿನ ಪೆಟ್ಟಿಗೆ ತಂದು ಖಾಲಿ ಮೇಜಿನ ಮೇಲಿಟ್ಟಳು. ತಾಯಿ ಮಗನ ಸಾಮಾನುಗಳನ್ನು ಒಂದೊಂದಾಗಿ ಸೆರಗಿನಿಂದ ಒರೆಸಿ ಅದರೊಳಗೆ ಇಡತೊಡಗಿದರು. ಮಗ್ಗು. ಚಾರ್ಜರು. ಕಡತಗಳು.

"ಸತ್ತ ಆ ಇಬ್ಬರ ಮನೇನೂ ನಮ್ಮ ಬೀದಿಯಲ್ಲೇ ಇದೆ," ಎಂದರು. "ನಿನ್ನೆವರೆಗೆ ಒಟ್ಟಿಗೆ ಅತ್ತಿದ್ವಿ. ನಾಳೆಯಿಂದ ನಾನು ಅವರ ಮಕ್ಕಳನ್ನ ಕೊಂದವನ ತಾಯಿ."

"ಹಾಗೆ ಅನ್ಬೇಡಿ ಅಮ್ಮ. ಬೇಕು ಅಂತ ಮಾಡಿದ್ದಲ್ಲ. ಮರೆವು ಯಾರಿಗಾದ್ರೂ ಆಗುತ್ತೆ."

"ಅವನಿಗಾಗಲ್ಲ." ಹಸಿರು ಟೇಪಿನ ಮೇಲೆ ಹೆಬ್ಬೆರಳು ಸವರಿದರು. "ಇದು ನನ್ನ ಬಣ್ಣ ಅಮ್ಮ, ಅಂತಿದ್ದ. ಇಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬಣ್ಣ ಕೊಟ್ಟಿದ್ದಾರೆ, ಅರ್ಧಕ್ಕೆ ಬಿಟ್ಟ ಗೆರೆಗೂ ಕಂಪ್ಯೂಟರಲ್ಲಿ ನಮ್ಮ ನಮ್ಮ ಬಣ್ಣನೇ ಬಳೀತೀವಿ, ಯಾರು ಬಿಟ್ಟದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ, ಅಂತಿದ್ದ. ನಿಜ ಹೇಳು ಮಗಳೇ. ಆ ಕಂಬಿ ಗೆರೆ ಯಾವ ಬಣ್ಣದಲ್ಲಿತ್ತು? ಹಸಿರಾ?"

"ಬಿಳಿ ಅಮ್ಮ."

"ಬಿಳಿ ಯಾರದ್ದು?"

"ಯಾರದ್ದೂ ಅಲ್ಲ."

ತಾಯಿ ತಲೆಯಾಡಿಸಿದರು. ಮೇಜಿನ ಮೇಲೆ ಒಂದು ಕತ್ತರಿ ಉಳಿದಿತ್ತು. ಪೆಟ್ಟಿಗೆಗೆ ಹಾಕಲು ಎತ್ತಿಕೊಂಡವರು, ಹಿಡಿಗೆ ಸುತ್ತಿದ್ದ ಟೇಪು ನೋಡಿ, ಅಕ್ಕನ ಮೇಜಿನ ಸಾಮಾನುಗಳತ್ತ ಕಣ್ಣು ಹಾಯಿಸಿ, ಅದನ್ನು ಅಕ್ಕನ ಕೈಗಿಟ್ಟರು.

"ಇದು ಅವನದಲ್ಲ. ನೇರಳೆ. ನಿನ್ನದು, ತಗೋ."