ಹಸಿರು ದಾರದ ಚಪ್ಪಲಿ

“ಪಟ್ಟಿಯಲ್ಲಿದ್ದ ಹನ್ನೆರಡೂ ಜನ ಮೇಲೆ ಬಂದಾಯ್ತು. ಇನ್ನೂ ಕುಸಿದೀತು, ಸುರಂಗದ ಬಾಯಿ ಮುಚ್ಚಿಬಿಡಿ,” ಎಂದು ಅಧಿಕಾರಿ ಕೂಗಿದೊಡನೆ ಮಣ್ಣು ತಳ್ಳುವ ಯಂತ್ರ ಅತ್ತ ಗುಡುಗುತ್ತ ಹೊರಟಿತು. ದೇವರು ದೊಡ್ಡವನು ಎಂದು ಜನ ಕೈಮುಗಿದರು. ಗುಮಾಸ್ತನ ಕಣ್ಣು ಮಾತ್ರ ಗೋಡೆಯ ಬುಡದಲ್ಲಿ ನೆಟ್ಟಿತ್ತು. ಬೂಟು ಹಾಕಿಕೊಂಡು ಇಳಿದವರ ಚಪ್ಪಲಿಗಳನ್ನೆಲ್ಲ ಮನೆಯವರು ಎತ್ತಿಕೊಂಡಿದ್ದರು. ಹಸಿರು ದಾರದಲ್ಲಿ ಹೊಲಿದ ಜೋಡಿಯೊಂದು ಹಾಗೇ ಉಳಿದಿತ್ತು.

ಅದು ಹದಿಮೂರನೆಯವನಾಗಿ ಇಳಿದಿದ್ದ ಮೋಟಣ್ಣನದು. ಸುರಂಗಕ್ಕೆ ಹನ್ನೆರಡೇ ಜನರ ಅಪ್ಪಣೆಯಿದ್ದದ್ದರಿಂದ, ಯಾರು ಎಲ್ಲಿ ದುಡಿಯುತ್ತಾರೆಂದು ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಅವನು ಉಗ್ರಾಣದಲ್ಲಿದ್ದ.

“ಬಾಯಿ ಬಿಟ್ಟೀಯ, ಜೋಕೆ! ಇಬ್ಬರಿಗೂ ಜೈಲೇ ಗತಿ,” ಆ ವರದಿ ಬರೆಸಿದ್ದ ಗುತ್ತಿಗೆದಾರ ಗುಮಾಸ್ತನ ಕಿವಿಯಲ್ಲಿ ಉಸುರಿದ.

ಗುಮಾಸ್ತ ಚಪ್ಪಲಿ ಎದೆಗೊತ್ತಿಕೊಂಡು ಯಂತ್ರಕ್ಕೆ ಅಡ್ಡ ನಿಂತ. “ನಿಲ್ಸಪ್ಪಾ! ಇನ್ನೊಬ್ಬ ಒಳಗಿದಾನೆ. ಸುಳ್ಳು ಬರೆದ ಪಾಪಿ ನಾನೇ!”

ಯಂತ್ರ ನಿಂತಿತು. ಆ ಮೌನದಲ್ಲಿ, ಮಣ್ಣಿನಡಿಯಿಂದ ಕಲ್ಲಿಗೆ ಕಲ್ಲು ಬಡಿಯುವ ಸದ್ದು ಕೇಳಿಸಿತು.